ಆಂಪ್ಲಿಫೈಯರ್‌ನ ಹೊಸ್ತಿಲಿಗೆ ಬೇಕು ಕಾವಲು

ಕಡೂರು/ತರೀಕೆರೆ/ಅಜ್ಜಂಪುರ: ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾದವೆಂದರೆ ಚಿಕ್ಕಮಗಳೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಮೈಕ್ ಸೆಟ್ಟಿನವರಿಗೆ ಬಿಡುವಿರುವುದಿಲ್ಲ. ಅಂತರಘಟ್ಟೆಯ ಜಾತ್ರೆ, ಬೀರೂರಿನ ಮೈಲಾರಲಿಂಗನ ಕಾರ್ಣಿಕ, ಊರೂರಿನ ಗಣೇಶೋತ್ಸವ, ರಾತ್ರಿಯಿಡೀ ನಡೆಯುವ ಪೌರಾಣಿಕ ನಾಟಕ, ಮದುವೆ, ಭಜನೆ, ಹರಿಕಥೆ ಎಲ್ಲಕ್ಕೂ ಧ್ವನಿವರ್ಧಕ ಬೇಕು. ಶಾಮಿಯಾನದ ಮೂಲೆಯಲ್ಲಿ ಮರದ ಪೆಟ್ಟಿಗೆಯ ಮೇಲೆ ಕುಳಿತಿರುವ ಆಂಪ್ಲಿಫೈಯರ್ ಕೈಕೊಟ್ಟರೆ ಅಂದಿನ ಕಾರ್ಯಕ್ರಮವೇ ನಿಂತುಹೋಗುತ್ತದೆ. ಬಾಡಿಗೆಯ ಹಣವಷ್ಟೇ ಅಲ್ಲ, ಮುಂದಿನ ವರ್ಷದ ಕರೆಯೂ ಕೈತಪ್ಪುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಅಡಿಕೆ ನಾಡಾದ ತರೀಕೆರೆಯವರಿಗೆ ಹೊಸತೇನಲ್ಲ.

ಆಂಪ್ಲಿಫೈಯರ್ ಕೆಟ್ಟಿತೆಂದರೆ ಎಲ್ಲರ ಕಣ್ಣೂ ಮೊದಲು ಹೊರಳುವುದು ಅದರ ಹಿಂಭಾಗದ ದೊಡ್ಡ ಪವರ್ ಟ್ರಾನ್ಸಿಸ್ಟರ್‌ಗಳ ಕಡೆಗೆ. ಅವು ಬಿಸಿಯಾಗುತ್ತವೆ, ಅವುಗಳಿಗಾಗಿಯೇ ಅಲ್ಯೂಮಿನಿಯಂ ಹೀಟ್‌ಸಿಂಕ್, ಫ್ಯಾನು, ಫ್ಯೂಸುಗಳಿರುತ್ತವೆ. ಆದರೆ ಹಾನಿ ಆರಂಭವಾಗುವ ಇನ್ನೊಂದು ಸ್ಥಳವಿದೆ. ಮೈಕ್ ಅಥವಾ ಮಿಕ್ಸರ್‌ನಿಂದ ಬರುವ ಸಣ್ಣ ಸಂಕೇತವು ಮೊಟ್ಟಮೊದಲು ಪ್ರವೇಶಿಸುವ ಇನ್‌ಪುಟ್ ಹಂತವೇ ಅದು. ಹೆಬ್ಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲನ್ನು ತೆರೆದಿಟ್ಟ ಮನೆಯಂತೆ ಅನೇಕ ಆಂಪ್ಲಿಫೈಯರ್‌ಗಳಲ್ಲಿ ಈ ಹಂತಕ್ಕೆ ಯಾವ ಕಾವಲೂ ಇರುವುದಿಲ್ಲ. ಕೆಲವೇ ರೂಪಾಯಿ ಬೆಲೆಯ ಬಿಡಿಭಾಗಗಳಿಂದ ಆಗಬಹುದಾದ ಈ ರಕ್ಷಣೆಯ ಹಿಂದಿನ ತತ್ತ್ವವೇನು ಎಂಬುದನ್ನು ತಿಳಿಯುವುದು ಹಳ್ಳಿಯ ಮೈಕ್ ಸೆಟ್ಟಿನವರಿಗೆ ಮಾತ್ರವಲ್ಲ, ನಗರದ ಮನೆಗಳಲ್ಲಿ ಹೋಮ್ ಥಿಯೇಟರ್ ಇಟ್ಟುಕೊಂಡವರಿಗೂ ಉಪಯುಕ್ತ.

ಮಿಲಿವೋಲ್ಟಿನಿಂದ ನೂರು ವೋಲ್ಟಿನವರೆಗೆ

ಮೊದಲು ಅಳತೆಗಳನ್ನು ಗಮನಿಸಬೇಕು. ಸಾಮಾನ್ಯ ಡೈನಮಿಕ್ ಮೈಕ್ರೋಫೋನಿನ ಮುಂದೆ ಮಾತನಾಡಿದಾಗ ಹುಟ್ಟುವ ವಿದ್ಯುತ್ ಸಂಕೇತ ಕೆಲವೇ ಮಿಲಿವೋಲ್ಟ್‌ಗಳಷ್ಟು. ಮಿಕ್ಸರ್‌ನಿಂದ ಹೊರಬರುವಾಗ ಅದು ಸುಮಾರು 0.775 ವೋಲ್ಟ್ ಅಥವಾ ವೃತ್ತಿಪರ ಸಾಧನಗಳಲ್ಲಿ 1.23 ವೋಲ್ಟ್ ಮಟ್ಟಕ್ಕೆ ಏರಿರುತ್ತದೆ. ಪವರ್ ಆಂಪ್ಲಿಫೈಯರ್‌ನ ಇನ್‌ಪುಟ್ ಹಂತವನ್ನು ರೂಪಿಸಿರುವುದು ಈ ಒಂದೆರಡು ವೋಲ್ಟಿಗೆ ಮಾತ್ರ.

ಅದೇ ಪೆಟ್ಟಿಗೆಯ ಹಿಂಭಾಗದ ಚಿತ್ರವೇ ಬೇರೆ. ಊರ ತುಂಬ ಹಾರನ್ ಸ್ಪೀಕರ್ ಕಟ್ಟುವಾಗ ನೂರಾರು ಮೀಟರ್ ತಂತಿ ಎಳೆಯಬೇಕಾಗುತ್ತದೆ. ಕಡಿಮೆ ವೋಲ್ಟಿನಲ್ಲಿ ಹೆಚ್ಚು ಕರೆಂಟನ್ನು ಅಷ್ಟು ದೂರ ಹರಿಸಿದರೆ ತಂತಿಯಲ್ಲೇ ಶಕ್ತಿ ನಷ್ಟವಾಗುತ್ತದೆ. ವಿದ್ಯುತ್ ಕೇಂದ್ರಗಳಿಂದ ದೂರದೂರಿಗೆ ಹೈಟೆನ್ಷನ್ ತಂತಿ ಎಳೆಯುವುದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ ಸಾರ್ವಜನಿಕ ಧ್ವನಿವರ್ಧಕ ವ್ಯವಸ್ಥೆಯಲ್ಲಿ 100 ವೋಲ್ಟ್ ಲೈನ್ ಬಳಸಲಾಗುತ್ತದೆ. ಆಂಪ್ಲಿಫೈಯರ್‌ನೊಳಗಿನ ಟ್ರಾನ್ಸ್‌ಫಾರ್ಮರ್ ಸಂಕೇತವನ್ನು 100 ವೋಲ್ಟಿಗೇರಿಸುತ್ತದೆ, ಹಾರನ್ನಿನ ಬಳಿಯ ಸಣ್ಣ ಟ್ರಾನ್ಸ್‌ಫಾರ್ಮರ್ ಅದನ್ನು ಮತ್ತೆ ಇಳಿಸುತ್ತದೆ. 250 ವಾಟ್ ಆಂಪ್ಲಿಫೈಯರ್ ಪೂರ್ಣ ಶಕ್ತಿಯಲ್ಲಿ ಈ ಲೈನಿಗೆ ಎರಡೂವರೆ ಆಂಪಿಯರ್ ಹರಿಸುತ್ತದೆ.

ಹೀಗೆ ಒಂದೇ ಪೆಟ್ಟಿಗೆಯಲ್ಲಿ ಒಂದು ವೋಲ್ಟಿನ ಬಾಗಿಲೂ ನೂರು ವೋಲ್ಟಿನ ಬಾಗಿಲೂ ಗೇಣು ದೂರದಲ್ಲಿರುತ್ತವೆ. ಕತ್ತಲಲ್ಲಿ, ಅವಸರದಲ್ಲಿ, ಟಾರ್ಚ್ ಬೆಳಕಿನಲ್ಲಿ ತಂತಿ ಜೋಡಿಸುವಾಗ ಒಂದರದು ಇನ್ನೊಂದಕ್ಕೆ ಹೋಗುವುದು ಅಸಂಭವವೇನಲ್ಲ. ಸ್ಪೀಕರಿಗೂ ಮೈಕಿಗೂ ಒಂದೇ ಬಗೆಯ ಜ್ಯಾಕ್ ಇರುವ ಹಳೆಯ ಸೆಟ್‌ಗಳಲ್ಲಂತೂ ಈ ಅಪಾಯ ಇನ್ನೂ ಹೆಚ್ಚು.

ಒಂದು ಜೋಡಿಯ ಕಥೆ

ಇಂದಿನ ಬಹುತೇಕ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳ ಇನ್‌ಪುಟ್ ಹಂತದಲ್ಲಿ ಎರಡು ಟ್ರಾನ್ಸಿಸ್ಟರ್‌ಗಳು ಜೋಡಿಯಾಗಿ ಕುಳಿತಿರುತ್ತವೆ. ಇವನ್ನು ಡಿಫರೆನ್ಷಿಯಲ್ ಜೋಡಿ ಎನ್ನುತ್ತಾರೆ. ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲೂಮ್‌ಲೈನ್ 1936ರಲ್ಲಿಯೇ ವಾಲ್ವ್‌ಗಳನ್ನು ಬಳಸಿ ಇಂಥ ಜೋಡಿಗೆ ಪೇಟೆಂಟ್ ಕೋರಿದ್ದರು. 1956ರಲ್ಲಿ ಎಚ್.ಸಿ. ಲಿನ್ ಪ್ರಕಟಿಸಿದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ವಿನ್ಯಾಸ ಮುಂದಿನ ದಶಕಗಳ ಮಾದರಿಯಾಯಿತು. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ಟ್ರಾನ್ಸಿಸ್ಟರ್ ತಯಾರಿಕೆಗಿಳಿದ ಮೇಲೆ ಈ ತಂತ್ರಜ್ಞಾನ ಕನ್ನಡ ನಾಡಿನ ಸಣ್ಣ ಪಟ್ಟಣಗಳ ರೇಡಿಯೋ ರಿಪೇರಿ ಅಂಗಡಿಗಳಿಗೂ ತಲುಪಿತು.

ಜೋಡಿಯ ಕೆಲಸವನ್ನು ತಕ್ಕಡಿಗೆ ಹೋಲಿಸಬಹುದು. ಒಂದು ತಟ್ಟೆಯಲ್ಲಿ ಹೊರಗಿನಿಂದ ಬಂದ ಸಂಕೇತ, ಇನ್ನೊಂದು ತಟ್ಟೆಯಲ್ಲಿ ಸ್ಪೀಕರಿಗೆ ಹೋಗುತ್ತಿರುವ ಸಂಕೇತದ ಸಣ್ಣ ಪಾಲು. ಇವೆರಡರ ನಡುವೆ ವ್ಯತ್ಯಾಸ ಕಂಡೊಡನೆ ತಕ್ಕಡಿ ಮುಂದಿನ ಹಂತಗಳಿಗೆ ತಿದ್ದುಪಡಿಯ ಆದೇಶ ನೀಡುತ್ತದೆ. ಎಲ್ಲವೂ ಸರಿಯಿದ್ದಾಗ ಎರಡೂ ತಟ್ಟೆಗಳು ಸಮವಾಗಿರುತ್ತವೆ. ಅಂದರೆ ಎರಡೂ ಟ್ರಾನ್ಸಿಸ್ಟರ್‌ಗಳ ಬೇಸ್‌ಗಳ ನಡುವಿನ ಅಂತರ ಕೆಲವೇ ಮಿಲಿವೋಲ್ಟ್. ಧ್ವನಿಯ ಶುದ್ಧತೆ ನಿಂತಿರುವುದು ಈ ತಕ್ಕಡಿಯ ನಿಖರತೆಯ ಮೇಲೆ.

ಹಿಮ್ಮುಖ ಹೊಡೆತ

ಟ್ರಾನ್ಸಿಸ್ಟರ್‌ನ ಬೇಸ್ ಮತ್ತು ಎಮಿಟರ್‌ಗಳ ನಡುವೆ ಇರುವುದು ಒಂದು ಡಯೋಡ್. ಮುಮ್ಮುಖವಾಗಿ ಅದು ಸುಮಾರು 0.6 ವೋಲ್ಟಿನಲ್ಲೇ ತೆರೆದುಕೊಳ್ಳುತ್ತದೆ. ಹಿಮ್ಮುಖವಾಗಿ ತಡೆಯುತ್ತದೆ, ಆದರೆ ಆ ತಡೆಯ ಶಕ್ತಿ ಬಹಳ ಕಡಿಮೆ. ಮಾರುಕಟ್ಟೆಯಲ್ಲಿ ಎಲ್ಲೆಡೆ ಸಿಗುವ ಬಿಸಿ547, ಬಿಸಿ557ರಂತಹ ಸಣ್ಣ ಟ್ರಾನ್ಸಿಸ್ಟರ್‌ಗಳಲ್ಲಿ ಈ ಮಿತಿ 5ರಿಂದ 6 ವೋಲ್ಟ್ ಮಾತ್ರ. ಕಲೆಕ್ಟರ್ ಮತ್ತು ಎಮಿಟರ್ ನಡುವೆ 45 ವೋಲ್ಟ್ ತಾಳಬಲ್ಲ ಟ್ರಾನ್ಸಿಸ್ಟರ್ ಕೂಡ ಈ ದಿಕ್ಕಿನಲ್ಲಿ ಇಷ್ಟು ದುರ್ಬಲ.

ಇನ್‌ಪುಟ್‌ಗೆ ಹಠಾತ್ತಾಗಿ 30 ವೋಲ್ಟ್ ಬಂದಿತೆನ್ನೋಣ. ಮೊದಲ ಟ್ರಾನ್ಸಿಸ್ಟರ್ ಮುಮ್ಮುಖವಾಗಿ ತೆರೆದುಕೊಂಡು ತನ್ನ ಎಮಿಟರನ್ನು ಸುಮಾರು 29 ವೋಲ್ಟಿಗೆ ಎಳೆದೊಯ್ಯುತ್ತದೆ. ಜೋಡಿಯ ಎಮಿಟರ್‌ಗಳು ಪರಸ್ಪರ ಸೇರಿರುವುದರಿಂದ ಎರಡನೆಯದರ ಎಮಿಟರ್ ಕೂಡ ಮೇಲೇರುತ್ತದೆ. ಆದರೆ ಅದರ ಬೇಸ್ ಇನ್ನೂ ಸೊನ್ನೆಯ ಆಸುಪಾಸಿನಲ್ಲೇ ಇದೆ. ಆರು ವೋಲ್ಟ್ ತಾಳುವ ಜಾಗಕ್ಕೆ ಇಪ್ಪತ್ತೊಂಬತ್ತು ವೋಲ್ಟ್ ಬಿದ್ದಾಗ ಅದು ಒಡೆಯುತ್ತದೆ. ಪೆಟ್ಟು ತಿಂದದ್ದು ಬಾಗಿಲಲ್ಲಿದ್ದವನಲ್ಲ, ಪಕ್ಕದಲ್ಲಿದ್ದ ಜೊತೆಗಾರ. ಹೊರಗಿನ ತಂತಿಯನ್ನು ನೇರವಾಗಿ ಮುಟ್ಟದ ಟ್ರಾನ್ಸಿಸ್ಟರ್ ಏಕೆ ಸುಟ್ಟಿತು ಎಂಬ ಮೆಕ್ಯಾನಿಕ್‌ಗಳ ಗೊಂದಲಕ್ಕೆ ಉತ್ತರ ಇಲ್ಲಿದೆ.

ಪ್ರತಿ ಬಾರಿಯೂ ಟ್ರಾನ್ಸಿಸ್ಟರ್ ಒಮ್ಮೆಲೇ ಸಾಯುವುದಿಲ್ಲ ಎಂಬುದು ಇನ್ನೂ ಕಷ್ಟದ ಸಂಗತಿ. ಅಲ್ಪಾವಧಿಯ ಹಿಮ್ಮುಖ ಹೊಡೆತಗಳು ಅದರ ವರ್ಧನ ಸಾಮರ್ಥ್ಯವನ್ನು ಕುಗ್ಗಿಸುತ್ತವೆ, ಸುಯ್ ಎಂಬ ಹಿನ್ನೆಲೆಯ ಸದ್ದನ್ನು ಹೆಚ್ಚಿಸುತ್ತವೆ. ಕಳೆದ ವರ್ಷ ಸ್ವಚ್ಛವಾಗಿ ಹಾಡುತ್ತಿದ್ದ ಸೆಟ್ ಈ ವರ್ಷ ಕಾರಣವಿಲ್ಲದೆ ಗೊರಗೊರ ಎನ್ನುವುದರ ಹಿಂದೆ ಇಂಥ ಮರೆತುಹೋದ ಹೊಡೆತವೂ ಇರಬಹುದು.

ಮೂರು ರೂಪಾಯಿಯ ಭಾಗ, ಮೂರು ಸಾವಿರದ ನಷ್ಟ

ಇನ್‌ಪುಟ್ ಟ್ರಾನ್ಸಿಸ್ಟರ್ ಕೆಟ್ಟರೆ ಅದನ್ನು ಬದಲಿಸಿದರಾಯಿತು, ಬೆಲೆಯೇನು ಮಹಾ ಎಂದು ತೋರಬಹುದು. ನಿಜವಾದ ನಷ್ಟ ಅಲ್ಲಿಗೆ ನಿಲ್ಲುವುದಿಲ್ಲ. ತಕ್ಕಡಿಯೇ ಮುರಿದ ಮೇಲೆ ಮುಂದಿನ ಹಂತಗಳಿಗೆ ದಿಕ್ಕು ತೋರುವವರಿಲ್ಲ. ಔಟ್‌ಪುಟ್ ಪೂರ್ತಿಯಾಗಿ ಒಂದೇ ಕಡೆಗೆ ವಾಲಿ ಅಲ್ಲೇ ನಿಲ್ಲುತ್ತದೆ. ಸ್ಪೀಕರನ್ನು ನೇರವಾಗಿ ಜೋಡಿಸಿರುವ ಆಂಪ್ಲಿಫೈಯರ್‌ಗಳಲ್ಲಿ ಒಳಗಿನ 35 ವೋಲ್ಟ್ ಡಿ.ಸಿ. ವಿದ್ಯುತ್ ಸ್ಪೀಕರಿನ ಸುರುಳಿಗೆ ಹರಿಯುತ್ತದೆ.

ಎಂಟು ಓಮ್ ಎಂದು ಬರೆದಿರುವ ಸ್ಪೀಕರಿನ ಸುರುಳಿಯ ಡಿ.ಸಿ. ರೋಧ ಸಾಮಾನ್ಯವಾಗಿ ಆರು ಓಮ್‌ನ ಆಸುಪಾಸಿನಲ್ಲಿರುತ್ತದೆ. 35 ವೋಲ್ಟ್ ಬಿದ್ದರೆ ಅದರಲ್ಲಿ ಹುಟ್ಟುವ ಶಾಖ ಸುಮಾರು 200 ವಾಟ್. ಸಂಗೀತ ನುಡಿಯುವಾಗ ಕೋನ್ ಹಿಂದೆ ಮುಂದೆ ಓಡಾಡಿ ಗಾಳಿಯಾಡಿಸಿಕೊಳ್ಳುತ್ತದೆ. ಡಿ.ಸಿ.ಯಲ್ಲಿ ಅದು ಒಂದೇ ಕಡೆ ಚಾಚಿ ನಿಂತುಬಿಡುವುದರಿಂದ ಆ ತಂಪೂ ಇಲ್ಲ. ಕೆಲವೇ ಕ್ಷಣಗಳಲ್ಲಿ ಸುರುಳಿಯ ಅಂಟು ಕರಗಿ, ವಾರ್ನಿಷ್ ಸುಟ್ಟು ವಾಸನೆ ಬರುತ್ತದೆ. ಮೂರು ರೂಪಾಯಿಯ ಟ್ರಾನ್ಸಿಸ್ಟರ್ ಮೂರು ಸಾವಿರ ರೂಪಾಯಿಯ ಸ್ಪೀಕರನ್ನು ತನ್ನೊಂದಿಗೆ ಕರೆದೊಯ್ಯುವುದು ಹೀಗೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುವ ಸಾರ್ವಜನಿಕ ಧ್ವನಿವರ್ಧಕ ಆಂಪ್ಲಿಫೈಯರ್‌ಗಳಲ್ಲಿ ಡಿ.ಸಿ. ಸ್ಪೀಕರನ್ನು ತಲುಪದು. ಅಲ್ಲಿ ಪೆಟ್ಟು ಬೀಳುವುದು ಪವರ್ ಟ್ರಾನ್ಸಿಸ್ಟರ್‌ಗಳಿಗೂ ಫ್ಯೂಸಿಗೂ.

ಶತ್ರುಗಳು ಯಾರು?

ಮೊದಲನೆಯದು ಮೇಲೆ ಹೇಳಿದ ತಪ್ಪು ಜೋಡಣೆ. 100 ವೋಲ್ಟ್ ಲೈನಿನ ಶಿಖರ ಮೌಲ್ಯ 141 ವೋಲ್ಟ್. ಕಾವಲಿಲ್ಲದ ಇನ್‌ಪುಟ್‌ಗೆ ಇದು ತಗುಲಿದರೆ ಉಳಿಯುವ ಸಾಧ್ಯತೆಯೇ ಇಲ್ಲ.

ಎರಡನೆಯದು ಫ್ಯಾಂಟಮ್ ವಿದ್ಯುತ್. ಕಂಡೆನ್ಸರ್ ಮೈಕ್‌ಗಳಿಗೆ ಮೈಕಿನ ತಂತಿಯಲ್ಲೇ 48 ವೋಲ್ಟ್ ಕಳುಹಿಸುವ ಪದ್ಧತಿ 1966ರಿಂದ ಬಳಕೆಯಲ್ಲಿದೆ. ಮದುವೆ ಅಥವಾ ಸಭೆಯಲ್ಲಿ ಒಂದೇ ಮೈಕಿನಿಂದ ವಿಡಿಯೋದವರಿಗೂ ಮೈಕ್ ಸೆಟ್ಟಿಗೂ ಕವಲು ತಂತಿ ಕೊಡುವುದು ಈಗ ಸಾಮಾನ್ಯ. ವಿಡಿಯೋದವರ ಮಿಕ್ಸರ್‌ನಲ್ಲಿ ಫ್ಯಾಂಟಮ್ ಗುಂಡಿ ಒತ್ತಿದರೆ ಆ 48 ವೋಲ್ಟ್ ಮೈಕಿಗಷ್ಟೇ ಅಲ್ಲ, ಕವಲಿನ ಮೂಲಕ ಆಂಪ್ಲಿಫೈಯರ್‌ಗೂ ಬರುತ್ತದೆ. ಇನ್‌ಪುಟ್‌ನಲ್ಲಿ ಕೆಪಾಸಿಟರ್ ಇರುವುದರಿಂದ ಡಿ.ಸಿ. ಒಳಬರುವುದಿಲ್ಲ ಎಂಬ ನಂಬಿಕೆ ಅರ್ಧ ಸತ್ಯ ಮಾತ್ರ. ಕೆಪಾಸಿಟರ್ ನಿಧಾನವಾದ ಬದಲಾವಣೆಯನ್ನು ತಡೆಯುತ್ತದೆ, ಹಠಾತ್ ಜಿಗಿತವನ್ನು ಇಡಿಯಾಗಿ ಒಳಗೆ ಬಿಡುತ್ತದೆ. ಗುಂಡಿ ಒತ್ತಿದ ಕ್ಷಣ ಹಾಗೂ ಜ್ಯಾಕ್ ಕಿತ್ತ ಕ್ಷಣ ಎರಡರಲ್ಲೂ ಟ್ರಾನ್ಸಿಸ್ಟರ್ ಈ ಜಿಗಿತವನ್ನು ಎದುರಿಸಬೇಕು.

ಮೂರನೆಯ ಶತ್ರು ಎಲ್ಲರ ಜೇಬಿನಲ್ಲೂ ಇರುವಂಥದ್ದು. ಎರಡು ಪಿನ್ನಿನ ಚಾರ್ಜರ್‌ಗೆ ಹಾಕಿದ ಮೊಬೈಲ್ ಅಥವಾ ಲ್ಯಾಪ್‌ಟಾಪ್‌ನಿಂದ ಹಾಡು ಹಾಕುವಾಗ, ಚಾರ್ಜರ್‌ನೊಳಗಿನ ಸಣ್ಣ ಕೆಪಾಸಿಟರ್ ಮೂಲಕ ಮನೆಯ ವಿದ್ಯುತ್ತಿನ ಒಂದಿಷ್ಟು ಪಾಲು ಫೋನಿನ ಲೋಹದ ಭಾಗಕ್ಕೆ ಸೋರುತ್ತಿರುತ್ತದೆ. ಲ್ಯಾಪ್‌ಟಾಪ್ ಮುಟ್ಟಿದಾಗ ಬೆರಳಿಗೆ ಜುಮ್ಮೆನ್ನುವುದು ಇದರಿಂದಲೇ. ಈ ಕರೆಂಟ್ ಒಂದು ಮಿಲಿಆಂಪಿಯರ್‌ಗಿಂತ ಕಡಿಮೆ, ಮನುಷ್ಯನಿಗೆ ಅಪಾಯವಿಲ್ಲ. ಆದರೆ ಜ್ಯಾಕ್ ಚುಚ್ಚುವಾಗ ಮೊದಲು ತಾಗುವುದು ಅದರ ತುದಿ, ನಂತರವಷ್ಟೇ ಗ್ರೌಂಡ್. ನಡುವಿನ ಆ ಅರೆಕ್ಷಣದಲ್ಲಿ ಕೆಪಾಸಿಟರ್‌ನಲ್ಲಿ ತುಂಬಿದ್ದ ಚಾರ್ಜ್ ಇನ್‌ಪುಟ್ ಟ್ರಾನ್ಸಿಸ್ಟರ್ ಮೂಲಕವೇ ದಾರಿ ಹುಡುಕುತ್ತದೆ. ಸ್ಪೀಕರಿನಲ್ಲಿ ಕೇಳುವ ಢಬ್ ಎಂಬ ಸದ್ದು ಅದರ ಸಾಕ್ಷಿ. ವೃತ್ತಿಪರರ ಎಕ್ಸ್‌ಎಲ್‌ಆರ್ ಸಾಕೆಟ್‌ನಲ್ಲಿ ಗ್ರೌಂಡ್ ಪಿನ್ನೇ ಮೊದಲು ತಾಗುವಂತೆ ವಿನ್ಯಾಸ ಮಾಡಿರುವುದು ಇದೇ ಕಾರಣಕ್ಕೆ.

ನಾಲ್ಕನೆಯದು ಸ್ಥಾಯಿ ವಿದ್ಯುತ್. ಮಳೆ ನೆರಳಿನ ಕಡೂರಿನ ಬಯಲಿನಲ್ಲಿ ಬೇಸಿಗೆಯ ಒಣಹವೆಗೆ ಸಿಂಥೆಟಿಕ್ ಬಟ್ಟೆ, ಪ್ಲಾಸ್ಟಿಕ್ ಕುರ್ಚಿ, ನೆಲಹಾಸು ಸೇರಿದರೆ ಮನುಷ್ಯನ ಮೈಮೇಲೆ ಸಾವಿರಾರು ವೋಲ್ಟಿನ ಚಾರ್ಜ್ ಸೇರುತ್ತದೆ. ಅದು ಕಿಡಿಯಾಗಿ ಬೆರಳಿಗೆ ಅನುಭವವಾಗುವ ಹೊತ್ತಿಗೆ ಸುಮಾರು 3,000 ವೋಲ್ಟ್ ದಾಟಿರುತ್ತದೆ.

ಐದನೆಯದು ಏಪ್ರಿಲ್-ಮೇ ತಿಂಗಳ ಗುಡುಗು ಮಳೆ. ತೋಟದ ನಡುವೆ, ರಸ್ತೆಯುದ್ದಕ್ಕೂ ಎಳೆದ ಉದ್ದನೆಯ ತಂತಿಗಳು ಆಂಟೆನಾಗಳಂತೆ ವರ್ತಿಸುತ್ತವೆ. ಸಿಡಿಲು ನೇರವಾಗಿ ಬಡಿಯಬೇಕೆಂದಿಲ್ಲ, ದೂರದಲ್ಲಿ ಬಿದ್ದ ಸಿಡಿಲೂ ಈ ತಂತಿಗಳಲ್ಲಿ ಭಾರೀ ವೋಲ್ಟೇಜ್ ಹುಟ್ಟಿಸಬಲ್ಲದು.

ಆರನೆಯದು ಹಾನಿ ಮಾಡದೆ ಕಿರಿಕಿರಿ ಮಾಡುವ ರೇಡಿಯೋ ತರಂಗ. ತರೀಕೆರೆಯ ನೆರೆಯ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1965ರಲ್ಲಿ. ಪ್ರಬಲ ಮಧ್ಯಮ ತರಂಗ ಪ್ರಸಾರ ಕೇಂದ್ರದ ಸುತ್ತಮುತ್ತ ಉದ್ದನೆಯ ಮೈಕ್ ತಂತಿಯಲ್ಲಿ ಆ ಸಂಕೇತ ಸಿಕ್ಕಿಬೀಳುವುದುಂಟು. ಇನ್‌ಪುಟ್ ಟ್ರಾನ್ಸಿಸ್ಟರ್‌ನ ಬೇಸ್-ಎಮಿಟರ್ ಡಯೋಡ್, ಹಳೆಯ ಕ್ರಿಸ್ಟಲ್ ರೇಡಿಯೋದಂತೆ, ಅದನ್ನು ಧ್ವನಿಯಾಗಿ ಬಿಡಿಸಿಬಿಡುತ್ತದೆ. ಭಾಷಣದ ನಡುವೆ ವಾರ್ತೆ ಕೇಳಿಬರುವುದು ಪವಾಡವಲ್ಲ, ವಿಜ್ಞಾನ. 2ಜಿ ಮೊಬೈಲ್ ಕರೆ ಬರುವ ಮುನ್ನ ಕೇಳುವ ಟಿಟ್-ಟಿಟ್ ಸದ್ದಿಗೂ ಇದೇ ಮೂಲ.

ಕಾವಲಿನ ಮೂರು ಸುತ್ತು

ಹಳೆಯ ಕೋಟೆಗಳಿಗೆ ಸುತ್ತಿನ ಮೇಲೆ ಸುತ್ತು ಗೋಡೆ ಇರುವಂತೆ ಇನ್‌ಪುಟ್ ರಕ್ಷಣೆಯನ್ನೂ ಸುತ್ತುಗಳಾಗಿ ಕಟ್ಟಬೇಕು. ಒಂದೇ ಬಿಡಿಭಾಗ ಎಲ್ಲ ಶತ್ರುಗಳನ್ನೂ ತಡೆಯಲಾರದು.

ಮೊದಲ ಸುತ್ತು ಸರಣಿಯಲ್ಲಿ ಜೋಡಿಸುವ ಒಂದು ರೆಸಿಸ್ಟರ್. ಸಾಕೆಟ್ ಮತ್ತು ಟ್ರಾನ್ಸಿಸ್ಟರ್ ನಡುವೆ ಇರುವ ಇದು ಒಳನುಗ್ಗುವ ಕರೆಂಟಿಗೆ ಮಿತಿ ಹಾಕುತ್ತದೆ. ಟ್ರಾನ್ಸಿಸ್ಟರನ್ನು ಸುಡುವುದು ಅಂತಿಮವಾಗಿ ಕರೆಂಟೇ ಆದುದರಿಂದ ಇದು ರಕ್ಷಣೆಯ ಬುನಾದಿ. 2.2 ಕಿಲೋಓಮ್ ರೆಸಿಸ್ಟರ್ ಇದ್ದರೆ, 48 ವೋಲ್ಟ್ ಫ್ಯಾಂಟಮ್ ವಿದ್ಯುತ್ತಿಗೆ ಅದರ ಮೂಲದಲ್ಲೇ ಇರುವ 6.8 ಕಿಲೋಓಮ್ ಸೇರಿ, ಕರೆಂಟ್ ಸುಮಾರು 5 ಮಿಲಿಆಂಪಿಯರ್‌ಗೆ ಇಳಿಯುತ್ತದೆ. 100 ವೋಲ್ಟ್ ಲೈನ್ ತಗುಲಿದರೂ ಶಿಖರದಲ್ಲಿ ಹರಿಯುವುದು 64 ಮಿಲಿಆಂಪಿಯರ್.

ಎರಡನೆಯ ಸುತ್ತು ಡಯೋಡ್‌ಗಳದ್ದು. ರೆಸಿಸ್ಟರ್ ದಾಟಿ ಬಂದ ಕರೆಂಟಿಗೆ ಟ್ರಾನ್ಸಿಸ್ಟರನ್ನು ಬಿಟ್ಟು ಬೇರೆ ದಾರಿ ತೋರಿಸುವುದು ಇವುಗಳ ಕೆಲಸ. ಕೆರೆಗೆ ಕೋಡಿ ಇದ್ದಂತೆ. ಅಯ್ಯನಕೆರೆಯಂತಹ ದೊಡ್ಡ ಕೆರೆಯ ಏರಿ ಉಳಿಯಬೇಕಾದರೆ ಏರಿಯ ಎತ್ತರವೊಂದೇ ಸಾಲದು, ನಿಗದಿತ ಮಟ್ಟ ಮೀರಿದ ನೀರು ಹರಿದುಹೋಗಲು ಕೋಡಿ ಬೇಕು. ಮತ್ತು ಆ ಕೋಡಿ ಸರಿಯಾದ ಎತ್ತರದಲ್ಲಿರಬೇಕು.

ಅನೇಕರು ಎಡವುವುದು ಈ ಎತ್ತರದ ವಿಷಯದಲ್ಲೇ. ಇನ್‌ಪುಟ್‌ನಿಂದ ಆಂಪ್ಲಿಫೈಯರ್‌ನ ಧನ ಮತ್ತು ಋಣ ಸರಬರಾಜು ತಂತಿಗಳಿಗೆ ಒಂದೊಂದು ಡಯೋಡ್ ಹಾಕುವುದು ರೂಢಿಯ ವಿಧಾನ. ಮಿಕ್ಸರ್‌ಗಳ ಆಪ್‌ಆಂಪ್ ಚಿಪ್‌ಗಳಿಗೆ ಇದು ಸರಿಹೋಗಬಹುದು. ಆದರೆ ಪವರ್ ಆಂಪ್ಲಿಫೈಯರ್‌ನ ಸರಬರಾಜು 35 ವೋಲ್ಟ್ ಆಗಿದ್ದರೆ ಡಯೋಡ್ ತೆರೆದುಕೊಳ್ಳುವುದು 35 ವೋಲ್ಟ್ ಮೀರಿದ ಮೇಲೆ. ಅಷ್ಟರಲ್ಲಿ 6 ವೋಲ್ಟಿನ ಮಿತಿಯ ಟ್ರಾನ್ಸಿಸ್ಟರ್ ಒಡೆದಿರುತ್ತದೆ. ಏರಿ ಒಡೆದ ಮೇಲೆ ತೆರೆಯುವ ಕೋಡಿಯಿಂದ ಏನು ಪ್ರಯೋಜನ?

ಇದಕ್ಕೆ ಸರಳವಾದ ಉಪಾಯವೊಂದಿದೆ. ಜೋಡಿ ಟ್ರಾನ್ಸಿಸ್ಟರ್‌ಗಳ ಎರಡು ಬೇಸ್‌ಗಳ ನಡುವೆಯೇ ಎರಡು 1ಎನ್4148 ಡಯೋಡ್‌ಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಬೆಸೆಯುವುದು. ತಕ್ಕಡಿ ಸಮವಾಗಿರುವವರೆಗೆ ಈ ಬೇಸ್‌ಗಳ ನಡುವೆ ಕೆಲವೇ ಮಿಲಿವೋಲ್ಟ್ ಇರುವುದರಿಂದ ಡಯೋಡ್‌ಗಳು ನಿದ್ರಿಸುತ್ತಿರುತ್ತವೆ, ಧ್ವನಿಯನ್ನು ಕೆಡಿಸುವುದಿಲ್ಲ. ವ್ಯತ್ಯಾಸ ಸುಮಾರು 0.7 ವೋಲ್ಟ್ ತಲುಪಿದೊಡನೆ ಎಚ್ಚೆತ್ತು ಕರೆಂಟನ್ನು ಟ್ರಾನ್ಸಿಸ್ಟರ್‌ನ ಹೊರಗಿನಿಂದ ಸಾಗಿಸುತ್ತವೆ. ಹಿಮ್ಮುಖ ಹೊಡೆತ 6 ವೋಲ್ಟಿನ ಹತ್ತಿರವೂ ಸುಳಿಯುವುದಿಲ್ಲ. ಧ್ವನಿ ಉಪಕರಣಗಳಲ್ಲಿ ದಶಕಗಳಿಂದ ಜನಪ್ರಿಯವಾಗಿರುವ ಎನ್‌ಇ5532 ಚಿಪ್‌ನ ಒಳಗೇ ಇಂಥ ಡಯೋಡ್ ಜೋಡಿ ಇದೆ. ಆದರೆ ಸರಣಿ ರೆಸಿಸ್ಟರ್ ಇಲ್ಲದೆ ಡಯೋಡ್ ಮಾತ್ರ ಹಾಕಿದರೆ ಹೊಡೆತಕ್ಕೆ ಡಯೋಡೇ ಸುಡುತ್ತದೆ. ಇವೆರಡೂ ಒಟ್ಟಿಗಿದ್ದರೆ ಮಾತ್ರ ಕಾವಲು.

ಮೂರನೆಯ ಸುತ್ತು ರೇಡಿಯೋ ತರಂಗಕ್ಕೆ. ಅದೇ 2.2 ಕಿಲೋಓಮ್ ರೆಸಿಸ್ಟರ್ ನಂತರ ಗ್ರೌಂಡಿಗೆ 470 ಪಿಕೋಫ್ಯಾರಡ್ ಕೆಪಾಸಿಟರ್ ಜೋಡಿಸಿದರೆ ಸುಮಾರು 154 ಕಿಲೋಹರ್ಟ್ಜ್‌ಗಿಂತ ಮೇಲಿನ ಆವರ್ತನಗಳು ಕ್ಷೀಣಿಸತೊಡಗುತ್ತವೆ. ಮನುಷ್ಯನ ಕಿವಿಯ ಮಿತಿಯಾದ 20 ಕಿಲೋಹರ್ಟ್ಜ್‌ನಲ್ಲಿ ಇದರ ಪರಿಣಾಮ ಒಂದು ಡೆಸಿಬೆಲ್‌ನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. 700 ಕಿಲೋಹರ್ಟ್ಜ್ ಸುಮಾರಿನ ಮಧ್ಯಮ ತರಂಗ ಮಾತ್ರ ನಾಲ್ಕನೇ ಒಂದಕ್ಕಿಂತ ಕಡಿಮೆಗೆ ಇಳಿಯುತ್ತದೆ. ಮೊಬೈಲ್ ತರಂಗಗಳಿಗಾಗಿ ಸಾಕೆಟ್ಟಿನ ಬುಡದಲ್ಲೇ ಇನ್ನೊಂದು ಸಣ್ಣ ಕೆಪಾಸಿಟರ್ ಮತ್ತು ಫೆರೈಟ್ ಮಣಿ ಹಾಕುವುದು ಉತ್ತಮ. ಆ ತರಂಗಗಳನ್ನು ಪೆಟ್ಟಿಗೆಯ ಹೊಸ್ತಿಲಲ್ಲೇ ನಿಲ್ಲಿಸಬೇಕು, ಒಳಗೆ ಬಂದ ಮೇಲಲ್ಲ.

ಕಾವಲಿಗೂ ಬೆಲೆಯಿದೆ

ಇಷ್ಟು ಸುಲಭವಾಗಿದ್ದರೆ ಎಲ್ಲ ತಯಾರಕರೂ ಇದನ್ನು ಏಕೆ ಅಳವಡಿಸುವುದಿಲ್ಲ ಎಂಬ ಪ್ರಶ್ನೆ ಸಹಜ. ಪ್ರತಿ ರೆಸಿಸ್ಟರ್ ಕೂಡ ತನ್ನದೇ ಆದ ಉಷ್ಣ ಸದ್ದನ್ನು ಹುಟ್ಟಿಸುತ್ತದೆ. 2.2 ಕಿಲೋಓಮ್ ರೆಸಿಸ್ಟರ್ ಶ್ರವ್ಯ ವ್ಯಾಪ್ತಿಯಲ್ಲಿ ಸೇರಿಸುವ ಸದ್ದು ಒಂದು ಮೈಕ್ರೋವೋಲ್ಟ್‌ಗಿಂತ ಕಡಿಮೆ. ಮಿಕ್ಸರ್‌ನಿಂದ ಬರುವ 0.775 ವೋಲ್ಟ್ ಎದುರು ಇದು ಸುಮಾರು 119 ಡೆಸಿಬೆಲ್ ಕೆಳಗಿರುವುದರಿಂದ ಪವರ್ ಆಂಪ್ಲಿಫೈಯರ್‌ನಲ್ಲಿ ಲೆಕ್ಕಕ್ಕಿಲ್ಲ. ಕೆಲವೇ ಮಿಲಿವೋಲ್ಟಿನ ಮೈಕ್ ಇನ್‌ಪುಟ್‌ನಲ್ಲಾದರೆ ಅದೇ ಸದ್ದು ಕಿವಿಗೆ ತಟ್ಟೀತು. ಅಲ್ಲಿ ಚಿಕ್ಕ ರೆಸಿಸ್ಟರ್, ಹೆಚ್ಚು ಕರೆಂಟ್ ತಾಳುವ ಡಯೋಡ್ ಬಳಸಬೇಕಾಗುತ್ತದೆ.

ಶಾಖದ ಲೆಕ್ಕವೂ ಇದೆ. 100 ವೋಲ್ಟ್ ಲೈನ್ ಬಹಳ ಹೊತ್ತು ತಗುಲಿಕೊಂಡಿದ್ದರೆ 2.2 ಕಿಲೋಓಮ್ ರೆಸಿಸ್ಟರಿನಲ್ಲಿ ನಾಲ್ಕೂವರೆ ವಾಟ್ ಶಾಖ ಹುಟ್ಟುತ್ತದೆ. ಕಾಲು ವಾಟ್‌ನ ರೆಸಿಸ್ಟರ್ ಅದನ್ನು ತಾಳದೆ ಸುಡುತ್ತದೆ. ಹಾಗೆ ಸುಟ್ಟರೆ ನಷ್ಟವೇನೂ ಇಲ್ಲ. ಅದು ಫ್ಯೂಸಿನಂತೆ ತಾನು ಸತ್ತು ಉಳಿದವರನ್ನು ಉಳಿಸಿರುತ್ತದೆ. ಬೆಸುಗೆ ಕಡ್ಡಿ ಇರುವ ಯಾವ ಊರಿನಲ್ಲಾದರೂ ಐದು ನಿಮಿಷದಲ್ಲಿ ಬದಲಿಸಬಹುದು.

ಅಗ್ಗದ ವಿನ್ಯಾಸಗಳಲ್ಲಿ ಗ್ರೌಂಡಿಗೆ ಝೀನರ್ ಡಯೋಡ್ ಹಾಕುವುದೂ ಉಂಟು. ಆದರೆ ಕಡಿಮೆ ವೋಲ್ಟಿನ ಝೀನರ್‌ಗಳು ನಿಗದಿತ ಮಟ್ಟಕ್ಕಿಂತ ಮೊದಲೇ ಸ್ವಲ್ಪಸ್ವಲ್ಪ ಸೋರುತ್ತವೆ, ಸಂಕೇತದ ಏರಿಳಿತದೊಂದಿಗೆ ಅವುಗಳ ಧಾರಕತೆಯೂ ಬದಲಾಗುತ್ತದೆ. ಇದರಿಂದ ಧ್ವನಿಗೆ ವಿಕೃತಿ ಸೇರುತ್ತದೆ. ಮೈಕ್ ಸೆಟ್ಟಿನ ಪ್ರಕಟಣೆಗೆ ಇದು ಅಡ್ಡಿಯಲ್ಲ, ಶಾಸ್ತ್ರೀಯ ಸಂಗೀತ ಕಛೇರಿಗೆ ಅಡ್ಡಿಯಾದೀತು.

ಜೀವಕ್ಕಿಂತ ದೊಡ್ಡದಲ್ಲ ಗುಂಯ್ ಸದ್ದು

ಇನ್‌ಪುಟ್ ರಕ್ಷಣೆಯ ಮಾತು ಆಂಪ್ಲಿಫೈಯರ್‌ನ ಆಯುಷ್ಯಕ್ಕೆ ಮಾತ್ರ ಸಂಬಂಧಿಸಿದ್ದಲ್ಲ, ಮೈಕ್ ಹಿಡಿದವರ ಜೀವಕ್ಕೂ ಸಂಬಂಧಿಸಿದ್ದು. ಮಿಕ್ಸರ್ ಒಂದು ಕಡೆ, ಆಂಪ್ಲಿಫೈಯರ್ ಇನ್ನೊಂದು ಕಡೆ ಬೇರೆ ಬೇರೆ ಪ್ಲಗ್‌ಗಳಿಂದ ವಿದ್ಯುತ್ ಪಡೆದಾಗ ಎರಡರ ಅರ್ಥಿಂಗ್ ನಡುವೆ ಸಣ್ಣ ವ್ಯತ್ಯಾಸವಿದ್ದು, ಸಿಗ್ನಲ್ ತಂತಿಯ ಮೂಲಕ ಕರೆಂಟ್ ಹರಿದು ಗುಂಯ್ ಎಂಬ 50 ಹರ್ಟ್ಜ್ ಸದ್ದು ಏಳುತ್ತದೆ. ಅದನ್ನು ನಿಲ್ಲಿಸಲು ಮೂರನೆಯ ಪಿನ್ನಿನ ಅರ್ಥ್ ತಂತಿಯನ್ನೇ ಕತ್ತರಿಸಿಬಿಡುವ ದುರಭ್ಯಾಸ ವ್ಯಾಪಕವಾಗಿದೆ.

ಸದ್ದು ನಿಲ್ಲುತ್ತದೆ, ನಿಜ. ಆದರೆ ಮುಂದೆಂದಾದರೂ ಆ ಆಂಪ್ಲಿಫೈಯರ್‌ನ ಟ್ರಾನ್ಸ್‌ಫಾರ್ಮರ್ ಸೋರಿ 230 ವೋಲ್ಟ್ ಹೊರಕವಚಕ್ಕೆ ಬಂದರೆ ಅದಕ್ಕೆ ಭೂಮಿಗಿಳಿಯುವ ದಾರಿ ಇರುವುದಿಲ್ಲ. ಸಿಗ್ನಲ್ ತಂತಿಯ ಹೊದಿಕೆಯ ಮೂಲಕ ಅದು ಮೈಕಿನ ಲೋಹದ ಕೊಳವೆಗೆ ತಲುಪುತ್ತದೆ. ಮಳೆಯಲ್ಲಿ ನೆನೆದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮೈಕ್ ಹಿಡಿದ ಕಲಾವಿದ ಅಥವಾ ಭಾಷಣಕಾರನೇ ಆಗ ಭೂಮಿಗೆ ದಾರಿ. ನಾಟಕದ ಬಣ್ಣ ಹಚ್ಚಿಕೊಂಡು ಬೆವರಿನಲ್ಲಿ ತೊಯ್ದ ಕೈಗೆ ಇದು ಮಾರಕ.

ಸರಿಯಾದ ಪರಿಹಾರ ಅರ್ಥ್ ಕತ್ತರಿಸುವುದಲ್ಲ, ಸಂಕೇತವನ್ನು ಬೇರ್ಪಡಿಸುವುದು. ಮಿಕ್ಸರ್ ಮತ್ತು ಆಂಪ್ಲಿಫೈಯರ್ ನಡುವೆ 600 ಓಮ್‌ನ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ಧ್ವನಿ ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ವಿದ್ಯುತ್ ಸಂಪರ್ಕ ಇರುವುದಿಲ್ಲ. ಗುಂಯ್ ಸದ್ದೂ ಇಲ್ಲ, ಫ್ಯಾಂಟಮ್ ವಿದ್ಯುತ್ತಿನ ಹಾಗೂ ಚಾರ್ಜರ್ ಸೋರಿಕೆಯ ಭಯವೂ ಇಲ್ಲ. ಎಲ್ಲ ಉಪಕರಣಗಳಿಗೂ ಒಂದೇ ವಿದ್ಯುತ್ ಪೆಟ್ಟಿಗೆಯಿಂದ ಸಂಪರ್ಕ ಕೊಡುವುದು, ಅದಕ್ಕೆ ಸೋರಿಕೆ ಪತ್ತೆಹಚ್ಚಿ ಕಡಿತಗೊಳಿಸುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಅಳವಡಿಸುವುದು ಇನ್ನೂ ಕ್ಷೇಮ.

ಗ್ರೌಂಡ್ ತಂತಿಯನ್ನು ಒಳಗೆ ಎಲ್ಲಿ ಜೋಡಿಸಬೇಕು ಎಂಬುದೂ ಮುಖ್ಯ. ಸಾಕೆಟ್ಟಿನ ಹೊದಿಕೆಯ ಪಿನ್ನನ್ನು ಸರ್ಕ್ಯೂಟ್ ಬೋರ್ಡಿನೊಳಕ್ಕೆ ಎಳೆಯದೆ ನೇರವಾಗಿ ಲೋಹದ ಕವಚಕ್ಕೆ ಸೇರಿಸಬೇಕೆಂದು ನೀಲ್ ಮನ್ಸಿ 1995ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು. 2005ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿ ಇದನ್ನೇ ಎಇಎಸ್48 ಎಂಬ ಮಾನದಂಡವಾಗಿ ಪ್ರಕಟಿಸಿತು. ಹೊರಗಿನ ಕೊಳೆ ಅಂಗಳದಲ್ಲೇ ತೊಳೆದುಹೋಗಬೇಕು, ನಡುಮನೆಗೆ ಬರಬಾರದು ಎಂಬುದು ಇದರ ಸಾರ.

ಪಾಲಿಸಬೇಕಾದ ಕ್ರಮ

ಬೆಸುಗೆ ಕಡ್ಡಿ ಹಿಡಿಯದವರೂ ಅನುಸರಿಸಬಹುದಾದ ಕೆಲವು ನಿಯಮಗಳಿವೆ. ಆಂಪ್ಲಿಫೈಯರನ್ನು ಎಲ್ಲಕ್ಕಿಂತ ಕೊನೆಗೆ ಆನ್ ಮಾಡಬೇಕು, ಎಲ್ಲಕ್ಕಿಂತ ಮೊದಲು ಆಫ್ ಮಾಡಬೇಕು. ವಾಲ್ಯೂಮ್ ಸೊನ್ನೆಗೆ ಇಳಿಸದೆ ಯಾವ ಜ್ಯಾಕನ್ನೂ ಚುಚ್ಚಬಾರದು, ಕೀಳಬಾರದು. ಮೊಬೈಲ್‌ನಿಂದ ಹಾಡು ಹಾಕುವಾಗ ಮೊದಲು ಆಡಿಯೋ ತಂತಿ, ನಂತರ ಚಾರ್ಜರ್. ಸಾಧ್ಯವಾದರೆ ಚಾರ್ಜರ್ ಇಲ್ಲದೆ, ಬ್ಯಾಟರಿಯಲ್ಲೇ ನುಡಿಸುವುದು ಲೇಸು. ಸ್ಪೀಕರ್ ತಂತಿಗೂ ಮೈಕ್ ತಂತಿಗೂ ಬೇರೆ ಬೇರೆ ಬಣ್ಣದ ಟೇಪು ಸುತ್ತಿ ಗುರುತಿಸಬೇಕು, ಸಾಧ್ಯವಿದ್ದಲ್ಲಿ ಒಂದಕ್ಕೊಂದು ಹೊಂದದ ಬೇರೆ ಬೇರೆ ಸಾಕೆಟ್‌ಗಳನ್ನೇ ಬಳಸಬೇಕು. ಕವಲು ತಂತಿ ಕೇಳುವ ವಿಡಿಯೋದವರಿಗೆ ಟ್ರಾನ್ಸ್‌ಫಾರ್ಮರ್ ಇರುವ ಕವಲು ಪೆಟ್ಟಿಗೆಯಿಂದ ಮಾತ್ರ ಸಂಪರ್ಕ ನೀಡಬೇಕು.

ಗುಡುಗು ಆರಂಭವಾದರೆ ಯಾವ ಡಯೋಡನ್ನೂ ನಂಬಿ ಕೂರಬಾರದು. ಉದ್ದನೆಯ ತಂತಿಗಳಿಗೆ ಗ್ಯಾಸ್ ಡಿಸ್ಚಾರ್ಜ್ ಟ್ಯೂಬ್ ಅಳವಡಿಸಿದರೆ ಪ್ರೇರಿತ ಹೊಡೆತದ ಬಹುಪಾಲನ್ನು ಅದು ನೆಲಕ್ಕಿಳಿಸುತ್ತದೆ, ನೇರ ಸಿಡಿಲಿಗೆ ಮಾತ್ರ ಯಾವ ಮದ್ದೂ ಇಲ್ಲ. ಸಿಡಿಲು ಹತ್ತಿರವಾಗುವ ಮುನ್ನವೇ ಪವರ್ ಪ್ಲಗ್ಗನ್ನೂ ಹೊರಗಿನಿಂದ ಬಂದ ತಂತಿಗಳನ್ನೂ ಕಿತ್ತಿಡುವುದೊಂದೇ ದಾರಿ. ಆಗ ಕಾರ್ಯಕ್ರಮ ನಿಲ್ಲಿಸುವುದರಲ್ಲಿ ಅವಮಾನವಿಲ್ಲ.

ಹಳೆಯ ಆಂಪ್ಲಿಫೈಯರ್‌ಗೆ ಈ ರಕ್ಷಣೆ ಸೇರಿಸಲು ಇಚ್ಛಿಸುವವರು ನುರಿತ ಮೆಕ್ಯಾನಿಕ್‌ನಿಂದಲೇ ಮಾಡಿಸಬೇಕು. ಪೆಟ್ಟಿಗೆಯೊಳಗಿನ ದೊಡ್ಡ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಬಹಳ ಹೊತ್ತು ವಿದ್ಯುತ್ ಹಿಡಿದಿಟ್ಟುಕೊಂಡಿರುತ್ತವೆ. ಕೆಲಸ ಮುಗಿದ ಮೇಲೆ ಸ್ಪೀಕರ್ ಜೋಡಿಸುವ ಮುನ್ನ ಔಟ್‌ಪುಟ್‌ನಲ್ಲಿ ಡಿ.ಸಿ. ಇದೆಯೇ ಎಂದು ಮಲ್ಟಿಮೀಟರ್‌ನಲ್ಲಿ ಅಳೆಯಬೇಕು. ನೇರ ಜೋಡಣೆಯ ಆಂಪ್ಲಿಫೈಯರ್‌ನಲ್ಲಿ ಅದು ಕೆಲವು ಹತ್ತು ಮಿಲಿವೋಲ್ಟ್‌ಗಳನ್ನು ಮೀರಿದ್ದರೆ ತಕ್ಕಡಿ ಎಲ್ಲೋ ವಾಲಿದೆ ಎಂದರ್ಥ. ರಿಪೇರಿಯಾಗಿ ಬಂದ ಸೆಟ್ಟನ್ನು ಪಡೆಯುವಾಗ ಈ ಒಂದು ಅಳತೆಯನ್ನು ತೋರಿಸುವಂತೆ ಕೇಳುವುದು ಗ್ರಾಹಕನ ಹಕ್ಕು.

ರೆಸಿಸ್ಟರ್, ಕೆಪಾಸಿಟರ್, ಎರಡು ಡಯೋಡ್ ಎಲ್ಲ ಸೇರಿದರೂ ಬಿಡಿಭಾಗಗಳ ಖರ್ಚು ಒಂದು ಊಟದ ಬೆಲೆಯನ್ನು ಮುಟ್ಟುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಈ ಭಾಗಗಳು ಕಡೂರು, ತರೀಕೆರೆಯಂತಹ ಪಟ್ಟಣಗಳ ರಿಪೇರಿ ಅಂಗಡಿಗಳ ಡಬ್ಬಿಗಳಲ್ಲೂ ಇರುವಂಥವೇ. 2017-18ರಲ್ಲಿ ಹೊಸ ತಾಲ್ಲೂಕುಗಳ ಪಟ್ಟಿಗೆ ಸೇರಿದ ಅಜ್ಜಂಪುರದಲ್ಲಾಗಲಿ, ಹಳೆಯ ತಾಲ್ಲೂಕು ಕೇಂದ್ರಗಳಲ್ಲಾಗಲಿ ಮೈಕ್ ಸೆಟ್ ನಂಬಿ ಬದುಕುವ ಸಂಸಾರಗಳಿಗೆ ಒಂದು ಆಂಪ್ಲಿಫೈಯರ್ ಎಂದರೆ ರೈತನಿಗೆ ಒಂದು ಜೊತೆ ಎತ್ತು ಇದ್ದಂತೆ. ಜಾತ್ರೆಯ ಹಂಗಾಮು ಆರಂಭವಾಗುವ ಮುನ್ನ ಎತ್ತಿನ ಗೊರಸಿಗೆ ಲಾಳ ಕಟ್ಟಿಸುವಂತೆ ಆಂಪ್ಲಿಫೈಯರ್‌ನ ಇನ್‌ಪುಟ್‌ಗೂ ಕಾವಲು ಕಟ್ಟಿಸಿಕೊಂಡರೆ ನಡುರಾತ್ರಿ ನಾಟಕ ನಿಲ್ಲುವ ಪ್ರಮೇಯ ಕಡಿಮೆಯಾಗುತ್ತದೆ.